ಪೋರ್ಷೆಯನ್ನು ನಿಸ್ಸಾನ್ ಸೋಲಿಸಿದ್ದು ನಿಜವೇ? 25 ಸೆಕೆಂಡಿನ ಜಗಳದ ಹಿಂದಿರುವ ಲೆಕ್ಕ

“ಅರ್ಧ ಬೆಲೆಯ ಜಪಾನಿ ಕಾರು ಜರ್ಮನಿಗೇ ಹೋಗಿ ಪೋರ್ಷೆಯ ಸೊಕ್ಕು ಮುರಿಯಿತು!” ಕಾರು ಪ್ರಿಯರ ವಾಟ್ಸಾಪ್ ಗುಂಪುಗಳಲ್ಲಿ ಈ ಧಾಟಿಯ ಸಂದೇಶ ಆಗಾಗ ಸುತ್ತುತ್ತಲೇ ಇರುತ್ತದೆ. ಅದರ ಕೆಳಗೆ ಯಾರೋ ಒಬ್ಬರು ತದ್ವಿರುದ್ಧವಾದ ಇನ್ನೊಂದನ್ನು ಹಾಕುತ್ತಾರೆ: “ನಿಸ್ಸಾನ್ ಮೋಸ ಮಾಡಿತ್ತು, ಪೋರ್ಷೆಯೇ ಅದನ್ನು ಬಯಲು ಮಾಡಿತು.” ಎರಡರಲ್ಲೂ ನಿಮಿಷ, ಸೆಕೆಂಡುಗಳ ಲೆಕ್ಕ ಇರುತ್ತದೆ. ವಿಚಿತ್ರವೆಂದರೆ, ಆ ಎರಡೂ ಲೆಕ್ಕಗಳನ್ನು ಆಯಾ ಕಂಪನಿಯವರು ನಿಜವಾಗಿಯೂ ಹೇಳಿದ್ದರು.

ಹಾಗಾದರೆ ಯಾರೋ ಒಬ್ಬರು ಸುಳ್ಳು ಹೇಳಿರಲೇಬೇಕಲ್ಲವೇ? ಹಾಗೇನಿಲ್ಲ. ಸಿಬಿಎಸ್‌ಇ ಹುಡುಗನ ಅಂಕವನ್ನೂ ಎಸ್ಸೆಸ್ಸೆಲ್ಸಿ ಹುಡುಗಿಯ ಅಂಕವನ್ನೂ ಪಕ್ಕಪಕ್ಕ ಇಟ್ಟು ಯಾರು ಜಾಣರು ಎಂದು ಜಗಳವಾಡಿದರೆ ಏನಾಗುತ್ತದೋ ಇಲ್ಲೂ ಅದೇ ಆಗಿದೆ.

ಜಗಳ ನಡೆದ ಜಾಗ

ಜರ್ಮನಿಯ ಪಶ್ಚಿಮದಲ್ಲಿರುವ ಐಫೆಲ್ ಬೆಟ್ಟಗಳ ನಡುವೆ ನ್ಯೂರ್ಬರ್ಗ್‌ರಿಂಗ್ ಎಂಬ ರೇಸ್ ಟ್ರ್ಯಾಕ್ ಇದೆ. ಶುರುವಾದದ್ದು 1927ರಲ್ಲಿ. ಅದರ ಉತ್ತರದ ಸುತ್ತಿಗೆ ‘ನಾರ್ಡ್‌ಶ್ಲೈಫೆ’ ಎಂದು ಹೆಸರು. ಉದ್ದ 20.832 ಕಿಲೋಮೀಟರ್. ಫಾರ್ಮುಲಾ ಒನ್ ನಡೆದ ನಮ್ಮ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್ ಸುಮಾರು 5 ಕಿಲೋಮೀಟರ್. ಇದು ಅದರ ನಾಲ್ಕು ಪಟ್ಟು. ಎಪ್ಪತ್ತಕ್ಕೂ ಹೆಚ್ಚು ತಿರುವುಗಳು, ಸುಮಾರು 300 ಮೀಟರ್ ಏರಿಳಿತ, ಎರಡೂ ಬದಿಗೆ ದಟ್ಟ ಕಾಡು. ಚಾರ್ಮಾಡಿ ಘಾಟಿಯನ್ನು ಅಗಲ ಮಾಡಿ, ನುಣ್ಣಗೆ ಡಾಂಬರು ಹಾಕಿ, ಒಂದೇ ದಿಕ್ಕಿನ ಸಂಚಾರಕ್ಕೆ ಬಿಟ್ಟರೆ ಹೇಗಿರುತ್ತದೋ ಹಾಗೆ ಎಂದು ಊಹಿಸಿಕೊಳ್ಳಿ. ರೇಸ್ ಚಾಲಕ ಜಾಕಿ ಸ್ಟೀವರ್ಟ್ ಇದನ್ನು ‘ಹಸಿರು ನರಕ’ ಎಂದು ಕರೆದಿದ್ದರು. 1976ರಲ್ಲಿ ನಿಕಿ ಲೌಡಾ ಇಲ್ಲೇ ಬೆಂಕಿಗೆ ಸಿಕ್ಕು ಸಾವಿನ ಬಾಗಿಲಿಗೆ ಹೋಗಿ ಬಂದರು. ಆ ನಂತರ ಫಾರ್ಮುಲಾ ಒನ್ ಈ ಸುತ್ತಿಗೆ ಮರಳಲಿಲ್ಲ.

ಇಂಥ ರಸ್ತೆಯಲ್ಲಿ ಎಂಜಿನ್ ಒಂದೇ ಚೆನ್ನಾಗಿದ್ದರೆ ಸಾಲದು. ಬ್ರೇಕ್, ಸಸ್ಪೆನ್ಷನ್, ಗೇರ್‌ಬಾಕ್ಸ್ ಎಲ್ಲದರ ಪರೀಕ್ಷೆಯೂ ಒಂದೇ ಸುತ್ತಿನಲ್ಲಿ ಆಗಿಹೋಗುತ್ತದೆ. ಹೀಗಾಗಿ “ನಮ್ಮ ಕಾರು ನ್ಯೂರ್ಬರ್ಗ್‌ರಿಂಗ್ ಅನ್ನು ಇಷ್ಟು ಹೊತ್ತಿನಲ್ಲಿ ಸುತ್ತಿತು” ಎನ್ನುವುದು ಕಂಪನಿಗಳಿಗೆ ದೊಡ್ಡ ಜಾಹೀರಾತು.

ಜಗಳ ಶುರುವಾದದ್ದು ಹೀಗೆ

2007ರ ಅಕ್ಟೋಬರ್‌ನಲ್ಲಿ, ಟೋಕಿಯೋ ಮೋಟಾರ್ ಶೋನಲ್ಲಿ ನಿಸ್ಸಾನ್ ತನ್ನ ಹೊಸ ಜಿಟಿ-ಆರ್ ಕಾರನ್ನು ಹೊರತಂದಿತು. ನಾರ್ಡ್‌ಶ್ಲೈಫೆ ಸುತ್ತಲು ಅದು ತೆಗೆದುಕೊಂಡ ಸಮಯ 7 ನಿಮಿಷ 38 ಸೆಕೆಂಡ್, ಅದೂ ಟ್ರ್ಯಾಕ್ ಅಲ್ಲಲ್ಲಿ ಒದ್ದೆಯಿದ್ದಾಗ ಎಂದು ಹೇಳಿಕೊಂಡಿತು. ಮುಂದಿನ ಏಪ್ರಿಲ್‌ನಲ್ಲಿ ಒಣ ಟ್ರ್ಯಾಕ್ ಸಿಕ್ಕಿತು, ಸಮಯ 7 ನಿಮಿಷ 29 ಸೆಕೆಂಡಿಗೆ ಇಳಿಯಿತು. ಓಡಿಸಿದವರು ತೋಶಿಯೊ ಸುಝುಕಿ. (ಜಪಾನಿನಲ್ಲಿ ಸುಝುಕಿ ಎಂಬುದು ನಮ್ಮ ಗೌಡ, ರಾವ್‌ಗಳಂತೆ ತೀರಾ ಸಾಮಾನ್ಯ ಹೆಸರು. ಮಾರುತಿಯನ್ನು ನೆನೆಯಬೇಕಿಲ್ಲ.)

ಅಮೆರಿಕದಲ್ಲಿ ಆಗ ಜಿಟಿ-ಆರ್ ಬೆಲೆ 69,850 ಡಾಲರ್‌ನಿಂದ ಶುರುವಾಗುತ್ತಿತ್ತು. ಪೋರ್ಷೆ 911 ಟರ್ಬೊ ಬೇಕೆಂದರೆ 1,20,000 ಡಾಲರ್‌ಗಿಂತ ಹೆಚ್ಚು ಕೊಡಬೇಕಿತ್ತು. ಪೋರ್ಷೆ ಸುಮ್ಮನಿರಲಿಲ್ಲ. ಅಮೆರಿಕದಲ್ಲಿ ಒಂದು ಜಿಟಿ-ಆರ್ ಕೊಂಡು, ಅದನ್ನು ನಾರ್ಡ್‌ಶ್ಲೈಫೆಯಲ್ಲಿ ತಾನೇ ಓಡಿಸಿ ನೋಡಿತು. 2008ರ ಕೊನೆಯ ತಿಂಗಳುಗಳಲ್ಲಿ 911 ಸರಣಿಯ ಮುಖ್ಯಸ್ಥ ಆಗಸ್ಟ್ ಆಖ್‌ಲೈಟ್ನರ್ ಪತ್ರಕರ್ತರಿಗೆ ಫಲಿತಾಂಶ ಹೇಳಿದರು: ಜಿಟಿ-ಆರ್ 7 ನಿಮಿಷ 54 ಸೆಕೆಂಡ್, 911 ಟರ್ಬೊ 7:38, 911 ಜಿಟಿ2 7:34. 7:29 ಮಾಡಿದ್ದು ಅಂಗಡಿಯಲ್ಲಿ ಸಿಗುವ ಮಾಮೂಲಿ ಕಾರಾಗಿರಲು ಸಾಧ್ಯವಿಲ್ಲ ಎಂಬುದು ಅವರ ಮಾತಿನ ಸಾರ. ನಿಸ್ಸಾನ್‌ನ ಉತ್ತರ ಕಟಕಿಯಿಂದ ಕೂಡಿತ್ತು. ಕಾರು ಮಾಮೂಲಿಯದೇ, ಟೈರೂ ಮಾಮೂಲಿಯದೇ; ಬೇಕಿದ್ದರೆ ಪೋರ್ಷೆಯವರು ನಮ್ಮಲ್ಲಿ ಡ್ರೈವಿಂಗ್ ತರಬೇತಿಗೆ ಬರಲಿ ಎಂದಿತು.

ಒಂದೇ ಹೆಸರಿನ ಕಾರು, ಒಂದೇ ರಸ್ತೆ, ನಡುವೆ 25 ಸೆಕೆಂಡ್. ಸರಾಸರಿ ವೇಗಕ್ಕೆ ತಿರುಗಿಸಿದರೆ ಒಂದು ಗಂಟೆಗೆ ಸುಮಾರು 165 ಕಿ.ಮೀ., ಇನ್ನೊಂದು ಸುಮಾರು 156. ರೇಸ್‌ನ ಕಣ್ಣಲ್ಲಿ ಇದು ಭಾರಿ ಅಂತರ. ಆದರೆ ಶೇಕಡಾವಾರು ನೋಡಿದರೆ ಐದೂವರೆ ಮಾತ್ರ. ಈ ಐದೂವರೆ ಎಲ್ಲಿಂದ ಬರಬಹುದು ಎಂಬುದೇ ನಮಗೆ ಮುಖ್ಯ.

ಪೋರ್ಷೆಯ ಅನುಮಾನಕ್ಕೆ ಆಧಾರವಿತ್ತು. ಎರಡೂ ಕಾರುಗಳ ಎಂಜಿನ್ ಶಕ್ತಿ ಒಂದೇ, ಸುಮಾರು 480 ಅಶ್ವಶಕ್ತಿ. ಜಿಟಿ-ಆರ್ ತೂಕ ಸುಮಾರು 1,740 ಕಿಲೋ, 911 ಟರ್ಬೊ ಸುಮಾರು 1,585. ಒಂದೂವರೆ ಕ್ವಿಂಟಲ್ ಹೆಚ್ಚು ಹೊರುವವನು, ಅದೇ ಬಲದಲ್ಲಿ, ಮೊದಲು ಗುರಿ ಮುಟ್ಟುವುದು ಹೇಗೆ? ನೇರ ರಸ್ತೆಯಲ್ಲಾದರೆ ಈ ವಾದ ಸರಿ. ಆದರೆ ಆ ವರ್ಷದ 911 ಟರ್ಬೊದಲ್ಲಿ ಇದ್ದದ್ದು ಕೈಯಲ್ಲಿ ಹಾಕುವ ಗೇರ್, ಇಲ್ಲವೇ ಹಳೆಯ ಬಗೆಯ ಆಟೊಮ್ಯಾಟಿಕ್. ಜಿಟಿ-ಆರ್‌ನಲ್ಲಿ ಎರಡು ಕ್ಲಚ್‌ಗಳ ಗೇರ್‌ಬಾಕ್ಸ್ ಇತ್ತು. ಒಂದು ಗೇರ್ ಓಡುತ್ತಿರುವಾಗಲೇ ಮುಂದಿನ ಗೇರ್ ಸಿದ್ಧವಾಗಿರುತ್ತದೆ, ಬದಲಾಯಿಸಲು ಕ್ಷಣಾರ್ಧ ಸಾಕು. ಎಪ್ಪತ್ತು ತಿರುವುಗಳ ದಾರಿಯಲ್ಲಿ ಎಷ್ಟು ಸಲ ಗೇರ್ ಬದಲಾಗುತ್ತದೆ ಎಂದು ಎಣಿಸಿದರೆ ತೂಕದ ಒಂದಿಷ್ಟು ಸಾಲ ಅಲ್ಲೇ ತೀರುತ್ತದೆ. ಆದ್ದರಿಂದ ತೂಕ ಮತ್ತು ಶಕ್ತಿಯ ಭಾಗಾಕಾರ ಒಂದನ್ನೇ ನೋಡಿ “ಇದು ಅಸಾಧ್ಯ” ಎನ್ನಲಾಗದು.

ಟೈರು, ಚಾಲಕ, ಮೋಡ

ಲ್ಯಾಪ್ ಸಮಯದಲ್ಲಿ ಕಾರಿನ ಕಂಪನಿ ಯಾವುದು ಎಂಬುದಕ್ಕಿಂತ ಟೈರ್ ಯಾವುದು ಎಂಬುದನ್ನು ಮೊದಲು ಕೇಳಬೇಕು ಎಂಬುದು ನಮ್ಮ ಅಭಿಪ್ರಾಯ. ಎಷ್ಟೇ ದೊಡ್ಡ ಎಂಜಿನ್ ಇರಲಿ, ನೆಲಕ್ಕೆ ತಾಗುವುದು ಪ್ರತಿ ಚಕ್ರದ ಒಂದು ಅಂಗೈಯಷ್ಟು ರಬ್ಬರ್. ವೇಗ ಹೆಚ್ಚಿಸುವುದು, ನಿಲ್ಲಿಸುವುದು, ತಿರುಗಿಸುವುದು ಎಲ್ಲವೂ ಆ ನಾಲ್ಕು ಅಂಗೈಗಳ ಮೂಲಕವೇ. ಟ್ರ್ಯಾಕ್‌ಗೆಂದು ಮಾಡಿದ, ಆದರೆ ರಸ್ತೆಯಲ್ಲೂ ಓಡಿಸಲು ಅನುಮತಿ ಇರುವ ಟೈರುಗಳಿವೆ. ಅವುಗಳ ರಬ್ಬರ್ ಮೃದು, ಗಾಡಿಗಳು ಕಡಿಮೆ. ಬಿಸಿಯಾದಾಗ ಅಂಟಿನಂತೆ ಹಿಡಿಯುತ್ತವೆ, ಬೇಗ ಸವೆಯುತ್ತವೆ, ನಿಂತ ನೀರಿನ ಮೇಲೆ ಹೋದರೆ ತೇಲುತ್ತವೆ. ಇಷ್ಟು ಉದ್ದದ ಸುತ್ತಿನಲ್ಲಿ ಟೈರ್ ಬದಲಾವಣೆ ಒಂದರಿಂದಲೇ ಹಲವು ಸೆಕೆಂಡ್ ಉಳಿಯುತ್ತದೆ. ನಿಸ್ಸಾನ್ ಬಳಸಿದ್ದು ಕಾರಿನ ಜೊತೆಗೇ ಬರುವ ಡನ್‌ಲಪ್ ಟೈರ್ ಎಂದು ಅದು ಹೇಳಿತು. ಪೋರ್ಷೆಯ ಅನುಮಾನ ಸುತ್ತಿದ್ದು ಮುಖ್ಯವಾಗಿ ಅದರ ಸುತ್ತಲೇ.

ಜಿಟಿ-ಆರ್ ಟೈರಿಗೆ ಕಾರ್ಖಾನೆಯಲ್ಲೇ ನೈಟ್ರೋಜನ್ ತುಂಬುತ್ತಿದ್ದರು ಎಂಬುದೂ ಒಂದು ಜನಪ್ರಿಯ ಫಾರ್ವರ್ಡ್. ವಿಷಯ ನಿಜ. ಆದರೆ ಅದನ್ನು ಓದಿ ಪೆಟ್ರೋಲ್ ಬಂಕ್‌ನಲ್ಲಿ ದುಡ್ಡು ಕೊಟ್ಟು ನೈಟ್ರೋಜನ್ ಹಾಕಿಸುವ ಮುನ್ನ ಒಂದು ಮಾತು: ಮಾಮೂಲಿ ಗಾಳಿಯಲ್ಲೇ ಶೇ. 78ರಷ್ಟು ನೈಟ್ರೋಜನ್ ಇದೆ. ದಿನನಿತ್ಯದ ಓಡಾಟಕ್ಕೆ ಸರಿಯಾದ ಒತ್ತಡ ಮುಖ್ಯ, ಮತ್ತು ಟ್ರೆಡ್ 1.6 ಮಿಲಿಮೀಟರ್‌ಗಿಂತ ಸವೆಯುವ ಮೊದಲೇ ಟೈರ್ ಬದಲಿಸುವುದು.

ಎರಡನೆಯದು ಚಾಲಕ. ಸುಝುಕಿ ವೃತ್ತಿಪರ ರೇಸರ್. 1992ರಲ್ಲಿ ಡೇಟೋನಾದ 24 ಗಂಟೆಗಳ ರೇಸ್ ಗೆದ್ದ ನಿಸ್ಸಾನ್ ತಂಡದಲ್ಲಿದ್ದವರು. ಜಿಟಿ-ಆರ್ ಅಭಿವೃದ್ಧಿಯ ಕಾಲದಿಂದಲೂ ಆ ಕಾರನ್ನು ಓಡಿಸಿ ಪಳಗಿದವರು. ಪೋರ್ಷೆಯ ಚಾಲಕರಿಗೆ ತಮ್ಮ ಕಾರು ಅಂಗೈ ನೆಲ್ಲಿಕಾಯಿ. ಪ್ರತಿಸ್ಪರ್ಧಿಯ ಕಾರು ಹೊಸದು. 911ರ ಎಂಜಿನ್ ಹಿಂದಿನ ಚಕ್ರಗಳಿಗೂ ಹಿಂದೆ ಇರುತ್ತದೆ, ಜಿಟಿ-ಆರ್ ಎಂಜಿನ್ ಮುಂದೆ. ತಿರುವಿನಲ್ಲಿ ಎಲ್ಲಿ ಬ್ರೇಕ್ ಒತ್ತಬೇಕು, ಎಲ್ಲಿ ಮತ್ತೆ ವೇಗ ಕೊಡಬೇಕು ಎಂಬುದು ಎರಡರಲ್ಲೂ ಬೇರೆ. ಪ್ರತಿ ತಿರುವಿನಲ್ಲಿ ಸೆಕೆಂಡಿನ ಮೂರನೇ ಒಂದು ಭಾಗ ಹೋದರೂ ಎಪ್ಪತ್ತು ತಿರುವಿಗೆ 23 ಸೆಕೆಂಡ್ ಆಯಿತು. ತನ್ನ ಕಾರನ್ನು ಕೊನೆಯ ಅಂಚಿನವರೆಗೆ, ಎದುರಾಳಿಯ ಕಾರನ್ನು ಒಂದಿಷ್ಟು ಎಚ್ಚರದಿಂದ ಓಡಿಸುವುದಕ್ಕೆ ಯಾರೂ ಮೋಸಗಾರರಾಗಬೇಕಿಲ್ಲ. ಜರ್ಮನಿಯ ‘ಸ್ಪೋರ್ಟ್ ಆಟೋ’ ಪತ್ರಿಕೆ ವರ್ಷಗಟ್ಟಲೆ ಹಾರ್ಸ್ಟ್ ಫಾನ್ ಸೌರ್ಮಾ ಎಂಬ ಒಬ್ಬರೇ ಸಂಪಾದಕರಿಂದ ಎಲ್ಲ ಕಂಪನಿಯ ಕಾರುಗಳನ್ನೂ ಇಲ್ಲಿ ಓಡಿಸಿದ್ದು ಇದೇ ಕಾರಣಕ್ಕೆ. ಕಂಪನಿಯ ಸಮಯಕ್ಕಿಂತ ಅಂಥ ಸಮಯಗಳು ಸಾಮಾನ್ಯವಾಗಿ ನಿಧಾನ, ಆದರೆ ಹೋಲಿಕೆಗೆ ಹೆಚ್ಚು ಯೋಗ್ಯ.

ಇನ್ನು ಹವೆ. 20 ಕಿಲೋಮೀಟರ್ ಸುತ್ತಿನ ಒಂದು ತುದಿಯಲ್ಲಿ ಬಿಸಿಲು, ಇನ್ನೊಂದು ತುದಿಯಲ್ಲಿ ತುಂತುರು ಮಳೆ ಇಲ್ಲಿ ಹೊಸದಲ್ಲ. 7:38ರಿಂದ 7:29ಕ್ಕೆ ಇಳಿದದ್ದರಲ್ಲಿ ಒಣ ರಸ್ತೆಯ ಪಾಲು ಎಷ್ಟಿರಬಹುದೆಂದು ನೀವೇ ಯೋಚಿಸಿ.

ಹೆಸರು ಅದೇ, ಕಾರು ಬೇರೆ

2013ರ ಸೆಪ್ಟೆಂಬರ್ 30ರಂದು ಜಿಟಿ-ಆರ್ ನಿಸ್ಮೊ ಎಂಬ ಮಾದರಿ 7 ನಿಮಿಷ 8.679 ಸೆಕೆಂಡಿನಲ್ಲಿ ಸುತ್ತು ಮುಗಿಸಿತು. ಇದೂ ಫಾರ್ವರ್ಡ್‌ಗಳಲ್ಲಿ “ಜಿಟಿ-ಆರ್ ದಾಖಲೆ” ಎಂದೇ ಓಡಾಡುತ್ತದೆ. ಆದರೆ ಅದರ ಎಂಜಿನ್ 600 ಅಶ್ವಶಕ್ತಿಯದು, ಮೇಲೆ ಟ್ರ್ಯಾಕ್‌ಗೆಂದೇ ಜೋಡಿಸಿದ ಹೆಚ್ಚುವರಿ ಭಾಗಗಳು. 2008ರ ಕಾರಿಗೂ ಅದಕ್ಕೂ ಹೆಸರು, ಆಕಾರ ಒಂದೇ; ಅಷ್ಟೇ. ನಿಸ್ಸಾನ್ ಇದನ್ನು “ದೊಡ್ಡ ಸಂಖ್ಯೆಯಲ್ಲಿ ತಯಾರಾಗುವ ಕಾರುಗಳಲ್ಲಿ” ಅತಿ ವೇಗದ್ದು ಎಂದು ಎಚ್ಚರದಿಂದ ಕರೆಯಿತು. ಕಾರಣ, ಅದೇ ತಿಂಗಳು ಪೋರ್ಷೆಯ 918 ಸ್ಪೈಡರ್ 6 ನಿಮಿಷ 57 ಸೆಕೆಂಡ್ ಮಾಡಿ ಹೋಗಿತ್ತು. ಆ ಕಾರನ್ನು ತಯಾರಿಸಿದ್ದು ಒಟ್ಟು 918 ಮಾತ್ರ. ಫಾರ್ವರ್ಡ್ ಆಗುವಾಗ ಮೊದಲು ಉದುರಿಹೋಗುವುದು ಇಂಥ ವಿಶೇಷಣಗಳೇ.

ಹೋಂಡಾ ಸಿವಿಕ್ ಟೈಪ್ ಆರ್ ಕಥೆ ಇನ್ನೂ ಸ್ವಾರಸ್ಯದ್ದು. 2014ರಲ್ಲಿ 7 ನಿಮಿಷ 50.63 ಸೆಕೆಂಡ್ ಮಾಡಿದ ಕಾರಿನಲ್ಲಿ ಸುರಕ್ಷತೆಗೆಂದು ಒಳಗೆ ಕಬ್ಬಿಣದ ಚೌಕಟ್ಟು ಹಾಕಿದ್ದರು. ಆ ತೂಕವನ್ನು ಸರಿದೂಗಿಸಲು ಎಸಿ, ಆಡಿಯೋ, ಪಕ್ಕದ ಸೀಟು ತೆಗೆದಿದ್ದರು. ಹೋಂಡಾ ಇದನ್ನು ತಾನೇ ಹೇಳಿತ್ತು.

232 ಮೀಟರ್ ಎಲ್ಲಿ ಹೋಯಿತು?

2017ರ ಸಿವಿಕ್ ಟೈಪ್ ಆರ್ ಸಮಯ 7:43.80. 2023ರ ಹೊಸ ಸಿವಿಕ್ ಟೈಪ್ ಆರ್ ಸಮಯ 7:44.881. “ಆರು ವರ್ಷದ ನಂತರ ಹೋಂಡಾ ಹಿಂದೆ ಬಿತ್ತು” ಎಂದು ಒಂದು ಚಿತ್ರ ಮಾಡಿ ಹಂಚಲು ಇಷ್ಟು ಸಾಕು. ನಿಜದಲ್ಲಿ ಹೊಸದೇ ವೇಗದ ಕಾರು.

ಬಹಳ ಕಾಲ ಕಂಪನಿಗಳು ಅಳೆಯುತ್ತಿದ್ದದ್ದು 20.6 ಕಿಲೋಮೀಟರ್ ಮಾತ್ರ. ಪ್ರೇಕ್ಷಕರ ಗ್ಯಾಲರಿಯ ಮುಂದಿನ ಸುಮಾರು 232 ಮೀಟರ್ ತುಂಡು ಲೆಕ್ಕಕ್ಕೆ ಬರುತ್ತಿರಲಿಲ್ಲ. 2019ರಲ್ಲಿ ಟ್ರ್ಯಾಕ್‌ನ ಆಡಳಿತ ನಿಯಮ ಬಿಗಿ ಮಾಡಿತು. ಅಧಿಕೃತ ಸಮಯ ಬೇಕೆಂದರೆ ಪೂರ್ತಿ 20.832 ಕಿಲೋಮೀಟರ್ ಓಡಬೇಕು, ನೋಟರಿ ಹಾಜರಿರಬೇಕು, ಕಾರು ಮಾರಾಟದ ಮಾದರಿಯದೇ ಎಂದು ತಪಾಸಣೆ ಆಗಬೇಕು. ಅದೇ ವರ್ಷ ಫ್ರಾನ್ಸಿನ ರೆನೊ ಮೆಗಾನ್ ಕಾರು ಒಂದೇ ಓಟದಲ್ಲಿ ಎರಡು ಸಮಯ ದಾಖಲಿಸಿತು: ಹಳೆಯ ಅಳತೆಗೆ 7:40.100, ಪೂರ್ತಿ ಸುತ್ತಿಗೆ 7:45.389. ಅಂದರೆ ಆ ತುಂಡಿನ ಬೆಲೆ ಐದು ಸೆಕೆಂಡಿಗೂ ಹೆಚ್ಚು. 2023ರ ಸಿವಿಕ್ ಓಡಿದ್ದು ಪೂರ್ತಿ ಸುತ್ತು. 2017ರದ್ದು ಚಿಕ್ಕ ಸುತ್ತು.

ನಮ್ಮ ಎಆರ್‌ಎಐ ಮೈಲೇಜ್ ಇದಕ್ಕೆ ಸರಿಯಾಗಿ ಉಲ್ಟಾ. ಅದನ್ನು ಲ್ಯಾಬ್‌ನಲ್ಲಿ, ಉರುಳುವ ರೋಲರ್ ಮೇಲೆ ಕಾರು ಓಡಿಸಿ ಅಳೆಯುತ್ತಾರೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಮಗೆ ಅಷ್ಟು ಸಿಗದು ಎಂದು ಎಲ್ಲರೂ ಬೈಯುತ್ತೇವೆ. ಆದರೆ ಎಲ್ಲ ಕಾರಿಗೂ ಒಂದೇ ಪರೀಕ್ಷೆ, ಆದ್ದರಿಂದ ಎರಡು ಕಾರುಗಳನ್ನು ಹೋಲಿಸಲು ಅದು ಉಪಯೋಗಕ್ಕೆ ಬರುತ್ತದೆ. 2008ರ ಲ್ಯಾಪ್ ಸಮಯಗಳು ನಿಜವಾದ ರಸ್ತೆಯವೇ, ಆದರೆ ಒಬ್ಬೊಬ್ಬರದೂ ಒಂದೊಂದು ಪರೀಕ್ಷೆ. ಮೇಲ್ವಿಚಾರಕರೂ ಆಯಾ ಕಂಪನಿಯವರೇ.

ಹಾಗಾಗಿ ಜಿಟಿ-ಆರ್ 7:29 ಮಾಡಿದ್ದನ್ನು ಸುಳ್ಳೆಂದು ತಳ್ಳಿಹಾಕಲು ಪೋರ್ಷೆಯ 7:54 ಸಾಲದು. 911 ಟರ್ಬೊ ಸೋತಿತೆಂದು ಸಾರಲು ನಿಸ್ಸಾನ್‌ನ 7:29 ಕೂಡ ಸಾಲದು. ಆ ‘ಅರ್ಧ ಬೆಲೆ’ಯ ಮಾತೂ ಅಂದಿನ ಅಮೆರಿಕಕ್ಕೆ ಸೇರಿದ್ದು. 2016ರ ಡಿಸೆಂಬರ್‌ನಲ್ಲಿ ಜಿಟಿ-ಆರ್ ಭಾರತಕ್ಕೆ ಬಂದಾಗ ದೆಹಲಿಯಲ್ಲಿ ಅದರ ಎಕ್ಸ್-ಶೋರೂಂ ಬೆಲೆ 1.99 ಕೋಟಿ ರೂಪಾಯಿ.