ಅಂಕಿತವಿಲ್ಲದ ನುಡಿ

‘ವಚನ’ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಆಡಿದ ಮಾತು ಎಂಬುದು ಒಂದು. ಕೊಟ್ಟ ಭಾಷೆ ಎಂಬುದು ಇನ್ನೊಂದು. ಹನ್ನೆರಡನೆಯ ಶತಮಾನದ ಶಿವಶರಣರು ತಮ್ಮ ನುಡಿಗೆ ಈ ಎರಡೂ ಅರ್ಥಗಳು ಸಲ್ಲುವಂತೆ ಬಾಳಿದರು. ಬಸವಣ್ಣನವರ ಕೂಡಲಸಂಗಮದೇವ, ಅಲ್ಲಮಪ್ರಭುಗಳ ಗುಹೇಶ್ವರ, ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತಗಳು ಕೇವಲ ವಚನಕಾರರ ಗುರುತುಗಳಲ್ಲ. ನುಡಿದದ್ದು ದೈವಸಾಕ್ಷಿಯಾಗಿ, ಅದರ ಹೊಣೆ ನುಡಿದವರದೇ ಎಂಬ ಒಪ್ಪಿಗೆ ಅವುಗಳಲ್ಲಿದೆ.

ಇಂದು ಬೆಳಗಾಗುವುದರೊಳಗೆ ಭಕ್ತರ ಮೊಬೈಲಿಗೆ ಬಂದು ಸೇರುವ ಸಂದೇಶಗಳಲ್ಲಿ ಈ ಒಪ್ಪಿಗೆ ಇಲ್ಲ. ಬರೆದವರು ಯಾರು, ಬರೆದದ್ದು ಎಂದು, ಬಂದದ್ದು ಇಡಿಯೋ ತುಂಡೋ ತಿಳಿಯದು. ಓದಿದವರು ಮತ್ತೊಬ್ಬರಿಗೆ ದಾಟಿಸುತ್ತಾರೆ. ಕೇಳಿದರೆ, ‘ಬಂದದ್ದನ್ನು ಕಳಿಸಿದ್ದಷ್ಟೇ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈ ಉತ್ತರದ ಬೆಲೆ ಎಷ್ಟೆಂಬುದನ್ನು ಬೀದರ ಜಿಲ್ಲೆ ಕಂಡಿದೆ. ೨೦೧೮ರ ಜುಲೈ ೧೩ರಂದು ಹೈದರಾಬಾದಿನಿಂದ ಬಂದಿದ್ದ ಕೆಲವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ನೋಡಿದವರಿಗೆ ಅವರು ಮಕ್ಕಳ ಕಳ್ಳರೆಂಬ ಶಂಕೆ ಮೂಡಿತು. ವಾಟ್ಸ್‌ಆ್ಯಪ್ ಗುಂಪಿನ ಮೂಲಕ ಆ ಸುದ್ದಿ ಕಾರಿಗಿಂತ ಮೊದಲೇ ಮುರ್ಕಿ ಗ್ರಾಮವನ್ನು ಮುಟ್ಟಿತ್ತು. ನೆರೆದ ಜನರ ಹೊಡೆತಕ್ಕೆ ತರುಣ ಎಂಜಿನಿಯರನೊಬ್ಬ ಬಲಿಯಾದ. ಕಾಪಾಡಲು ಹೋದ ಪೊಲೀಸರೂ ಗಾಯಗೊಂಡರು. ಅನುಭವ ಮಂಟಪದ ಕಲ್ಯಾಣ ಇರುವುದೂ ಇದೇ ಜಿಲ್ಲೆಯಲ್ಲಿ. ಮಾತನ್ನು ಒರೆಗೆ ಹಚ್ಚಿ ನೋಡಿದ ಆ ನೆಲದಲ್ಲಿ, ಒರೆಗೆ ಹಚ್ಚದ ಮಾತೊಂದು ಜೀವ ತೆಗೆಯಿತು.

ಆ ವರ್ಷ ದೇಶದ ಹಲವೆಡೆ ಇಂಥದೇ ವದಂತಿಯೊಡನೆ ಒಂದು ವಿಡಿಯೋ ಹರಿದಾಡಿತು. ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ ಅದರಲ್ಲಿತ್ತು. ವಾಸ್ತವದಲ್ಲಿ ಅದು ಮಕ್ಕಳ ರಕ್ಷಣೆಯ ಅರಿವು ಮೂಡಿಸಲು ಪಾಕಿಸ್ತಾನದ ಕರಾಚಿಯಲ್ಲಿ ತಯಾರಾದ ಚಿತ್ರ. ಅವರೇ ಮಗುವನ್ನು ಹಿಂದಕ್ಕೆ ತಂದುಬಿಟ್ಟು, ಎಚ್ಚರಿಕೆಯ ಫಲಕ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಕೊನೆ ಕತ್ತರಿಸಿದಾಗ ಹಿತವಚನವೇ ವಿಷವಾಯಿತು. ವಚನದ ಅಂಕಿತವಿರುವುದೂ ಸಾಮಾನ್ಯವಾಗಿ ಕೊನೆಯಲ್ಲಿಯೇ ಎಂಬುದನ್ನು ಇಲ್ಲಿ ನೆನೆಯಬೇಕು.

‘ಅದು ದುಷ್ಟರ ಸುದ್ದಿ, ಭಕ್ತರು ಕಳಿಸುವುದು ಒಳ್ಳೆಯ ಮಾತನ್ನಲ್ಲವೆ?’ ಎಂದು ಕೆಲವರು ಕೇಳಬಹುದು. ಆದರೆ ಬಸವಣ್ಣನವರ ಚಿತ್ರದ ಕೆಳಗೆ, ಇಂದಿನ ಭಾಷಣದ ಧಾಟಿಯಲ್ಲಿ ಯಾರೋ ಹೆಣೆದ ಸಾಲುಗಳಿಗೆ ಕೂಡಲಸಂಗಮದೇವನ ಅಂಕಿತ ಅಂಟಿಸಿ ಹಂಚುವುದೂ ನಡೆದಿದೆ. ಸಾಲುಗಳು ಎಷ್ಟೇ ಮಧುರವಾಗಿದ್ದರೂ ಅದು ಇನ್ನೊಬ್ಬರ ಸಹಿಯನ್ನು ಕದ್ದಂತೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ತಾಡೋಲೆಗಳನ್ನು ಅರಸಿ ಊರೂರು ತಿರುಗಿ, ಸಂಗ್ರಹಿಸಿ, ಶೋಧಿಸಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಅಷ್ಟು ಶ್ರಮದಿಂದ ಉಳಿದು ಬಂದ ಸಾಹಿತ್ಯಕ್ಕೆ ಕ್ಷಣಮಾತ್ರದಲ್ಲಿ ಕಲಬೆರಕೆ ಸೇರಿಸುವುದು ಭಕ್ತಿಯಾಗಲಾರದು. ಮೇಲಾಗಿ, ಸಿಹಿ ಮಾತನ್ನು ಪರೀಕ್ಷಿಸದೆ ದಾಟಿಸಿ ರೂಢಿಯಾದ ಬೆರಳು ಕಹಿ ಮಾತು ಬಂದಾಗಲೂ ತಡೆಯದು.

ಪರೀಕ್ಷಿಸುವುದು ಅಶ್ರದ್ಧೆಯಲ್ಲ. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಕಠಿಣ ಪ್ರಶ್ನೆಗಳನ್ನು ಕೇಳಿದರೆಂದು ಶೂನ್ಯಸಂಪಾದನೆಗಳು ಚಿತ್ರಿಸುತ್ತವೆ. ಆ ಪ್ರಶ್ನೆಗಳಿಂದ ಅಕ್ಕನ ಮಹಿಮೆ ಕುಂದಲಿಲ್ಲ, ಬೆಳಗಿತು. ಅಕ್ಕನಿಗೇ ಇಲ್ಲದ ವಿನಾಯಿತಿ ಅನಾಮಿಕ ಸಂದೇಶಕ್ಕೆ ಏಕೆ?

‘ಮಕ್ಕಳಿಗೆ ಅಪಾಯವೆಂದಾಗ ವಿಚಾರಿಸುತ್ತ ಕೂರಲಾದೀತೆ?’ ಎಂಬ ಪ್ರಶ್ನೆಯಲ್ಲಿ ನಿಜವಾದ ಕಳವಳವಿದೆ. ಆದರೆ ನೂರು ಜನರಿಗೆ ಸಂದೇಶ ಕಳಿಸುವಷ್ಟೇ ಹೊತ್ತಿನಲ್ಲಿ ೧೧೨ಕ್ಕೆ ಕರೆ ಮಾಡಬಹುದು. ನಿಜವಾಗಿದ್ದರೆ ಮಗುವಿಗೆ ರಕ್ಷಣೆ. ಸುಳ್ಳಾಗಿದ್ದರೆ ದಾರಿಹೋಕನಿಗೆ ರಕ್ಷಣೆ.

ವಾಟ್ಸ್‌ಆ್ಯಪ್ ಸಂಸ್ಥೆ ೨೦೧೮ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸುವ ಮಿತಿ ತಂದಿತು. ೨೦೨೦ರಲ್ಲಿ, ಬಹಳ ಸಲ ದಾಟಿ ಬಂದ ಸಂದೇಶಕ್ಕೆ ಆ ಮಿತಿಯನ್ನು ಒಂದಕ್ಕೆ ಇಳಿಸಿತು. ಯಂತ್ರ ಎಣಿಕೆಯನ್ನು ತಡೆಯಬಲ್ಲದು, ನಾಲಗೆಯನ್ನಲ್ಲ. ಅದಕ್ಕೆ ಭಕ್ತರೇ ಒಂದು ನೇಮ ಹಿಡಿಯಬೇಕು. ಸಂದೇಶದ ಕೆಳಗೆ ತನ್ನ ಹೆಸರು ಬರೆದು, ಕರಸ್ಥಲದ ಇಷ್ಟಲಿಂಗದ ಮುಂದೆ ‘ಇದು ನಿಜ’ ಎನ್ನಲು ಮನಸ್ಸು ಒಪ್ಪಿದರೆ ಕಳಿಸುವುದು. ಅಳುಕಿದರೆ ಅಲ್ಲಿಯೇ ನಿಲ್ಲಿಸುವುದು. ನಡೆ ನುಡಿ ಒಂದಾಗಬೇಕೆಂಬ ಶರಣರ ಆಶಯ ಬೆರಳ ತುದಿಗೂ ಅನ್ವಯಿಸುತ್ತದೆ.