ಹತ್ತೊಂಬತ್ತರಲ್ಲಿ ಎರಡು

ಇಲ್ಲಿ ಏನಾದರೂ ಬರೆದು ತುಂಬಾ ದಿನಗಳಾಗಿತ್ತು. ಪುರುಸೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತೆ, ಮನಸ್ಸಿರಲಿಲ್ಲ. ಇವತ್ತಿನದೂ ಖುಷಿಯ ವಿಷಯವಲ್ಲ, ಮೊದಲೇ ಹೇಳಿಬಿಡ್ತೀನಿ.

ನನ್ನ ಸೋದರಮಾವನಿಗೆ 2023ರಲ್ಲಿ ಮೂತ್ರಕೋಶದ ಕ್ಯಾನ್ಸರ್ ಅಂತ ಗೊತ್ತಾಯಿತು. ಮೂತ್ರದಲ್ಲಿ ರಕ್ತ ಹೋಗ್ತಿತ್ತು, ನೋವಿರಲಿಲ್ಲ. ನೋವಿಲ್ಲ ಅಂತಲೇ ಮಾವ ಸುಮ್ಮನಿದ್ದರು. ಊರಿನ ಡಾಕ್ಟರು ಉಷ್ಣ, ಇನ್ಫೆಕ್ಷನ್ ಅಂತ ನಾಲ್ಕು ತಿಂಗಳು ಮಾತ್ರೆ ಕೊಟ್ಟರು. (ವಯಸ್ಸಾದವರಿಗೆ, ಅದರಲ್ಲೂ ಮಾವನ ಹಾಗೆ ಸಿಗರೇಟು ಸೇದುವವರಿಗೆ, ಒಂದೇ ಒಂದು ಸಲ ಹೀಗೆ ರಕ್ತ ಕಂಡರೂ ಯೂರಾಲಜಿಸ್ಟ್ ಹತ್ತಿರ ಕರ್ಕೊಂಡು ಹೋಗಿ. ಈ ಬರಹದಲ್ಲಿ ಬೇರೇನೂ ಓದದಿದ್ದರೂ ಪರವಾಗಿಲ್ಲ.)

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಮೂತ್ರಕೋಶ, ಪ್ರಾಸ್ಟೇಟ್ ಎರಡನ್ನೂ ತೆಗೆದು, ಸಣ್ಣ ಕರುಳಿನ ಒಂದು ತುಂಡಿನಿಂದ ಮೂತ್ರಕ್ಕೆ ಹೊಟ್ಟೆಯ ಮೇಲೆ ದಾರಿ ಮಾಡಿ ಚೀಲ ಅಂಟಿಸಿದರು. ಹತ್ತು ದಿನದ ಮೇಲೆ ಬಯಾಪ್ಸಿ ರಿಪೋರ್ಟ್ ನನ್ನ ಕೈಗೆ ಬಂತು. ಪಿಟಿ3ಎ, ಎನ್2. ಅದರ ಕೆಳಗೆ ಒಂದು ಸಾಲು: ಪರೀಕ್ಷಿಸಿದ ಲಿಂಫ್ ನೋಡ್‌ಗಳು 19, ಕ್ಯಾನ್ಸರ್ ಕಂಡದ್ದು 2ರಲ್ಲಿ.

ಆಸ್ಪತ್ರೆಯ ಕಾರಿಡಾರಿನಲ್ಲೇ ಅಮ್ಮ ನನ್ನ ಕೈ ಹಿಡಿದುಕೊಂಡು "ನೋಡೋ, ಅವನಿಗೆ ಇದೊಂದು ಹೇಳ್ಬೇಡ. ಎಲ್ಲಾ ತೆಗೆದಾಯ್ತಂತೆ, ಕ್ಲೀನ್ ಆಗಿದೆಯಂತೆ ಅಂದ್ಬಿಡು" ಅಂದರು. ನಾನು ಒಳಗೆ ಹೋಗಿ ಹಾಗೇ ಅಂದೆ. ಮಾವ ನಲವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವರು. ಅವರಿಂದ ಎರಡು ಅಂಕಿ ಮುಚ್ಚಿಟ್ಟೆ.

ನಾನು ಮಾಡಿದ್ದು ತಪ್ಪು ಅಂತ ಹೇಳೋಕೇ ಇದನ್ನು ಬರೀತಿರೋದು.

ಲಿಂಫ್ ನೋಡ್ ಅಂದರೆ ಪುಸ್ತಕದ ಕನ್ನಡದಲ್ಲಿ ದುಗ್ಧರಸ ಗ್ರಂಥಿ. ಆಸ್ಪತ್ರೆಯಲ್ಲಿ ಯಾರೂ ಹಾಗನ್ನಲ್ಲ, "ಗಂಟಿಗೆ ಹೋಗಿದೆ" ಅಂತಾರೆ ಅಷ್ಟೇ. ಮೂತ್ರಕೋಶದ ಗೋಡೆ ದಾಟಿದ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ಸಿಕ್ಕಿಬೀಳೋದು ಕಿಬ್ಬೊಟ್ಟೆಯ ಎರಡೂ ಪಕ್ಕದ ರಕ್ತನಾಳಗಳ ಸುತ್ತ ಇರುವ ಈ ಗಂಟುಗಳಲ್ಲಿ. ಅಲ್ಲಿ ಒಂದೇ ಗಂಟಿನಲ್ಲಿದ್ದರೆ ಎನ್1, ಒಂದಕ್ಕಿಂತ ಹೆಚ್ಚಿದ್ದರೆ ಎನ್2, ಇನ್ನೂ ಮೇಲಿನ ಕಾಮನ್ ಇಲಿಯಾಕ್ ಗಂಟುಗಳಿಗೆ ಹೋಗಿದ್ದರೆ ಎನ್3. ಎಷ್ಟೋ ಸಲ ಸ್ಕ್ಯಾನಿನಲ್ಲಿ ಗೊತ್ತಾಗಲ್ಲ, ತೆಗೆದು ಮೈಕ್ರೋಸ್ಕೋಪಿನ ಕೆಳಗೆ ಇಟ್ಟಾಗಲೇ ಗೊತ್ತಾಗೋದು.

ಎಲ್ಲರೂ ನೋಡೋದು ಮೇಲಿನ ಅಂಕಿಯನ್ನ. ನನಗೀಗ ಕೆಳಗಿನದೂ ಅಷ್ಟೇ ಮುಖ್ಯ ಅನ್ನಿಸುತ್ತೆ. ಪರೀಕ್ಷಿಸಿದ್ದು ಮೂರೇ ಗಂಟು, ಮೂರರಲ್ಲೂ ಏನಿಲ್ಲ ಅಂತ ರಿಪೋರ್ಟ್ ಬಂದರೆ ಮನೆಯವರು ಸಿಹಿ ಹಂಚ್ತಾರೆ. ಆದರೆ ಇಪ್ಪತ್ತರಲ್ಲಿ ಸೊನ್ನೆ ಅನ್ನೋದೂ ಮೂರರಲ್ಲಿ ಸೊನ್ನೆ ಅನ್ನೋದೂ ಒಂದೇ ಅಲ್ಲ. ಎಷ್ಟು ಸಿಗುತ್ತೆ ಅನ್ನೋದು ಸರ್ಜನ್ ಎಷ್ಟು ಶ್ರದ್ಧೆಯಿಂದ ತೆಗೆದರು ಅನ್ನೋದರ ಜೊತೆಗೆ, ಆ ಕೊಬ್ಬಿನ ಮುದ್ದೆಯಲ್ಲಿ ಪೆಥಾಲಜಿಸ್ಟ್ ಎಷ್ಟು ತಾಳ್ಮೆಯಿಂದ ಹುಡುಕಿದರು ಅನ್ನೋದರ ಮೇಲೂ ನಿಂತಿದೆ. ಎಲ್ಲ ಒಂದೇ ಮುದ್ದೆಯಾಗಿ ಕಳಿಸದೆ ಜಾಗವಾರು ಬೇರೆ ಬೇರೆ ಡಬ್ಬಿಯಲ್ಲಿ ಕಳಿಸಿದರೆ ಲೆಕ್ಕಕ್ಕೆ ಸಿಗುವ ಗಂಟುಗಳು ಹೆಚ್ಚುತ್ತವೆ. ಹಾಗಾಗಿ "ಎಷ್ಟರಲ್ಲಿ?" ಅಂತ ಕೇಳಿ. ಇದರಲ್ಲಿ ಡಾಕ್ಟರಿಗೆ ಅವಮಾನವೇನಿಲ್ಲ.

ಹಾಗಂತ ಜಾಸ್ತಿ ತೆಗೆದಷ್ಟೂ ಜಾಸ್ತಿ ಬದುಕ್ತಾರೆ ಅಂತಲೂ ಅಲ್ಲ. ನಾನೂ ಸ್ವಲ್ಪ ದಿನ ಹಾಗೇ ನಂಬಿದ್ದೆ. ಅಮೆರಿಕ ಮತ್ತು ಕೆನಡಾದಲ್ಲಿ 592 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾಮೂಲಿ ಜಾಗದ ಗಂಟುಗಳನ್ನೂ ಇನ್ನೊಂದಕ್ಕೆ ಮಹಾಪಧಮನಿ ಕವಲೊಡೆಯುವ ಜಾಗದವರೆಗಿನ ಗಂಟುಗಳನ್ನೂ ತೆಗೆದು ನೋಡಿದರು. ಫಲಿತಾಂಶ 2024ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಬಂತು. ಐದು ವರ್ಷಕ್ಕೆ ಬದುಕಿದ್ದವರು ಮಾಮೂಲಿ ಗುಂಪಿನಲ್ಲಿ ಶೇ. 63, ಹೆಚ್ಚು ತೆಗೆದ ಗುಂಪಿನಲ್ಲಿ ಶೇ. 59. ಲಾಭವಿಲ್ಲ. ಮೇಲಾಗಿ ಆಪರೇಷನ್ ಆದ 90 ದಿನಗಳೊಳಗೆ ತೀರಿಕೊಂಡವರು ಶೇ. 2ರ ಬದಲು ಶೇ. 7. ತೆಗೆಯಬೇಕಾದ ಜಾಗವನ್ನು ನೀಟಾಗಿ ತೆಗೆಯೋದು ಬೇರೆ, ಸಿಕ್ಕಿದ್ದೆಲ್ಲ ತೆಗೆಯೋದು ಬೇರೆ.

ಇನ್ನು ಎಲ್ಲರೂ ಹೆದರುವ ಪ್ರಶ್ನೆ. ಲಾಸ್ ಏಂಜಲೀಸಿನಲ್ಲಿ 1971ರಿಂದ 1997ರವರೆಗೆ ಈ ಆಪರೇಷನ್ ಮಾಡಿಸಿಕೊಂಡ 1054 ಜನರ ಲೆಕ್ಕ 2001ರಲ್ಲಿ ಪ್ರಕಟವಾಗಿದೆ. ಗಂಟಿನಲ್ಲಿ ರೋಗವಿದ್ದವರು 246. ಅವರಲ್ಲಿ ಐದು ವರ್ಷ ರೋಗ ಮರುಕಳಿಸದೆ ಇದ್ದವರು ಶೇ. 35. ಇದನ್ನು ರಾತ್ರಿ ಎರಡು ಗಂಟೆಗೆ ಓದಿ ನಾನು ಕಂಪ್ಯೂಟರ್ ಆಫ್ ಮಾಡಿ ಕೂತೆ. ನನಗೆ ಕಂಡದ್ದು ಉಳಿದ 65 ಮಾತ್ರ. ಮಾರನೇ ದಿನ ಅದೇ ಸಾಲನ್ನು ಪೂರ್ತಿ ಓದಿದೆ: ಹತ್ತು ವರ್ಷಕ್ಕೆ ಶೇ. 34. ಅಂದರೆ ಐದು ವರ್ಷ ದಾಟಿದವರಲ್ಲಿ ಹೆಚ್ಚಿನವರು ಹತ್ತನ್ನೂ ದಾಟಿದ್ದಾರೆ. ಗಂಟಿಗೆ ಹೋದರೆ ಮುಗೀತು ಅಂತ ಕಾರಿಡಾರಿನಲ್ಲಿ ನಾವು ಅತ್ತೆವಲ್ಲ, ಮೂರರಲ್ಲಿ ಒಬ್ಬರಿಗೆ ಅದು ಮುಗಿದಿರಲಿಲ್ಲ.

ನಮ್ಮ ಸುಳ್ಳು ಮೂರು ವಾರವೂ ಬಾಳಲಿಲ್ಲ. ಗಂಟಿನಲ್ಲಿ ರೋಗವಿದೆ ಅಂತಲೇ ಡಾಕ್ಟರು ನಾಲ್ಕು ಸುತ್ತು ಕೀಮೋ ಅಂದರು. (ಆಪರೇಷನ್‌ಗೆ ಮೊದಲೇ ಕೀಮೋ ಕೊಡೋದು ಉತ್ತಮ ಅಂತ 2003ರಿಂದಲೇ ಒಳ್ಳೆ ಪುರಾವೆ ಇದೆ. ಮಾವನಿಗೆ ಆಗ ರಕ್ತಸ್ರಾವ ನಿಲ್ಲದೆ ನೇರ ಆಪರೇಷನ್‌ಗೇ ಹೋಗಬೇಕಾಯಿತು.) ಮೊದಲ ಸುತ್ತು ಮುಗಿದು ವಾಂತಿಯಲ್ಲಿ ಹೈರಾಣಾಗಿದ್ದ ಮಾವ ಕೇಳಿದರು: "ಎಲ್ಲಾ ಕ್ಲೀನ್ ಅಂದ್ಯಲ್ಲೋ, ಮತ್ತೆ ಇದ್ಯಾಕೆ? ನಂಗೆ ಬೇಡ ಬಿಡು." ಅತ್ತೆ ನನ್ನ ಮುಖ ನೋಡಿದರು. ಅವರು ಹೇಳಿದ್ದು ಸರಿಯಾಗೇ ಇತ್ತು. ಕ್ಲೀನ್ ಆಗಿರೋ ಮನುಷ್ಯ ಯಾಕೆ ಈ ಹಿಂಸೆ ಪಡಬೇಕು? ರೋಗಿಗೆ ಕಾರಣ ಮುಚ್ಚಿಟ್ಟು ಔಷಧಿ ಮಾತ್ರ ತಗೋ ಅಂದರೆ ಅವನು ತಗೋಬೇಕು ಯಾಕೆ?

ಅವತ್ತೇ ರಿಪೋರ್ಟ್ ಕೈಗೆ ಕೊಟ್ಟೆ. ಅಮ್ಮ ನನ್ನ ಜೊತೆ ಎರಡು ದಿನ ಮಾತು ಬಿಟ್ಟರು. ಮಾವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಹತ್ತೊಂಬತ್ತರಲ್ಲಿ ಎರಡಾ? ಒಂದು ಹತ್ತೂವರೆ ಪರ್ಸೆಂಟು" ಅಂದರು. ಆಮೇಲೆ ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಸಂಜೆ ಅವರೇ ಮುಂದಿನ ಸುತ್ತಿನ ತಾರೀಖು ಕೇಳಿದರು.

ಎಲ್ಲರೂ ಮಾವನ ಹಾಗಿರಲ್ಲ, ಒಪ್ತೀನಿ. "ನಂಗೆ ಏನೂ ಹೇಳ್ಬೇಡ, ನೀವೇ ನೋಡ್ಕೊಳ್ಳಿ" ಅನ್ನುವವರಿದ್ದಾರೆ, ಅದು ಅವರ ಹಕ್ಕು. ಆದರೆ ಅದನ್ನು ಅವರ ಬಾಯಲ್ಲಿ ಕೇಳಬೇಕು, ನಾವು ಕಾರಿಡಾರಿನಲ್ಲಿ ನಿಂತು ತೀರ್ಮಾನ ಮಾಡೋದಲ್ಲ. ನಿಮ್ಮ ಮನೆಯಲ್ಲಿ ಹೀಗಾಗಿದ್ದರೆ ಏನು ಮಾಡಿದಿರಿ ಅಂತ ಕಾಮೆಂಟಿನಲ್ಲಿ ಬರೆಯಿರಿ, ಅಮ್ಮನ ಪರ ಇರುವವರೂ ಬರೆಯಿರಿ :)

ಮುಂದಿನ ಮಂಗಳವಾರ ಮಾವನಿಗೆ ಮತ್ತೆ ಸಿಟಿ ಸ್ಕ್ಯಾನ್ ಇದೆ. ಈಗ ಫೈಲು ಅವರೇ ಹಿಡ್ಕೊಂಡು ಹೋಗ್ತಾರೆ, ನಾನು ಬರೀ ಡ್ರೈವರ್.