ಆಟಕ್ಕುಂಟು, ಲೆಕ್ಕಕ್ಕಿಲ್ಲ

‘ಈ ಕೇರಿ ಹುಡುಗ್ರಿಗೆ ಲೆಕ್ಕ ತಲೆಗೆ ಹತ್ತಲ್ಲ ಕಣ್ರೀ.’ ಹಳ್ಳಿ ಶಾಲೆಗಳಲ್ಲಿ ಈ ಮಾತು ಇವತ್ತಿಗೂ ಚಹಾದ ಜೊತೆಗೆ ಬರುತ್ತದೆ. ಹೇಳುವವರು ಇದನ್ನು ಅನುಭವ ಅನ್ನುತ್ತಾರೆ. ನಾವು ಸುಳ್ಳು ಅನ್ನುತ್ತೇವೆ. ಬರೀ ಸುಳ್ಳಲ್ಲ, ಯಾರಿಗೋ ಲಾಭ ತರುವ ಸುಳ್ಳು.

ಹತ್ತಲ್ಲವೆ? ಸಂತೆಗೆ ಬನ್ನಿ. ಅವ್ವನ ಪಕ್ಕ ಕೂತು ಸೊಪ್ಪು ಮಾರುವ ಹುಡುಗಿ ಕಟ್ಟಿಗೆ 12 ರೂಪಾಯಂತೆ ಐದು ಕಟ್ಟು ಕೊಡುತ್ತಾಳೆ, ನೂರರ ನೋಟಿಗೆ ನಲವತ್ತು ವಾಪಸ್ಸು ಎಣಿಸುತ್ತಾಳೆ. ಸ್ಲೇಟಿಲ್ಲ, ಬಳಪವಿಲ್ಲ. ಅದೇ ಹುಡುಗಿಯನ್ನು ಬೋರ್ಡಿನ ಮುಂದೆ ನಿಲ್ಲಿಸಿ ‘12 ಇಂಟು 5’ ಅನ್ನಿ, ನಡುಗುತ್ತಾಳೆ. ದಡ್ಡಿ ಯಾರು, ಹುಡುಗಿಯೋ ಬೋರ್ಡೋ?

ಇದು ನಮ್ಮೊಬ್ಬರ ಕತೆಯಲ್ಲ. ಬ್ರೆಜಿಲ್ ದೇಶದ ರೆಸೀಫೆಯಲ್ಲಿ ಬೀದಿ ವ್ಯಾಪಾರ ಮಾಡುವ ಐದು ಮಕ್ಕಳನ್ನು ಕುರಿತ ಅಧ್ಯಯನವೊಂದು 1985ರಲ್ಲಿ ಪ್ರಕಟವಾಯಿತು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ನೂರಕ್ಕೆ 98 ಸರಿ. ಅಂಥವನ್ನೇ ಬರೀ ಅಂಕಿಗಳಾಗಿ ಕೊಟ್ಟಾಗ ನೂರಕ್ಕೆ 37 ಮಾತ್ರ. 35ರಂತೆ ಹತ್ತು ತೆಂಗಿನಕಾಯಿಗೆ ಎಷ್ಟು ಅಂದರೆ ಒಬ್ಬ ಹುಡುಗ ಸೊನ್ನೆ ಸೇರಿಸಲಿಲ್ಲ. ಮೂರಕ್ಕೆ 105, ಇನ್ನು ಮೂರು ಸೇರಿದರೆ 210, ಇನ್ನು ಮೂರಕ್ಕೆ 315, ಉಳಿದ ಒಂದು ಸೇರಿ 350 ಅಂದ. 2025ರಲ್ಲಿ ಕೋಲ್ಕತ್ತ, ದೆಹಲಿ ಮಾರುಕಟ್ಟೆಗಳ ಮಕ್ಕಳ ಬಗ್ಗೆ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿದ್ದೂ ಇದನ್ನೇ. ಜೊತೆಗೆ ಇನ್ನೊಂದು ಮಾತು: ಶಾಲೆಯ ಲೆಕ್ಕ ಕಲಿತ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಎಡವಿದರು.

ಶಾಲೆ ಏನು ಮಾಡುತ್ತದೆ? ‘ಮಗ್ಗಿ ಒಪ್ಪಿಸು’ ಅನ್ನುತ್ತದೆ. ಒಪ್ಪಿಸುವುದು ನಮ್ಮ ಜನಕ್ಕೆ ಹೊಸದೇನಲ್ಲ. ಬೆಳೆ ಒಪ್ಪಿಸಿದ್ದೇವೆ, ಮೈ ಒಪ್ಪಿಸಿದ್ದೇವೆ, ಮಕ್ಕಳನ್ನು ಜೀತಕ್ಕೆ ಒಪ್ಪಿಸಿದ್ದೇವೆ. ಧಣಿ ಬರೆದದ್ದೇ ಲೆಕ್ಕ, ನಮ್ಮದು ಬರೀ ಹೆಬ್ಬೆಟ್ಟು. 1976ರ ಕಾಯ್ದೆ ಜೀತದ ಸಾಲವನ್ನು ಅಳಿಸಿತು. ಸಾಲ ಬೇರೆ ವೇಷದಲ್ಲಿ ಬಂತು. ‘ನೂರಕ್ಕೆ ಐದು’ ಅಂದರೆ ಕಿವಿಗೆ ಸಣ್ಣದು. ಅದು ತಿಂಗಳಿಗೆ, ಹತ್ತು ಸಾವಿರಕ್ಕೆ ವರ್ಷಕ್ಕೆ ಆರು ಸಾವಿರ. ಮೊದಲ ತಿಂಗಳ ಬಡ್ಡಿ ಮುರಿದುಕೊಂಡು ಕೈಗೆ ಕೊಡುವುದು 9,500, ಬಡ್ಡಿ ಮಾತ್ರ ಪೂರ್ತಿ ಹತ್ತು ಸಾವಿರದ ಮೇಲೆ. ವಾರದ ಕಂತಿನ ಕಿರುಕುಳ ಎಲ್ಲಿಗೆ ಮುಟ್ಟಿತೆಂದರೆ 2025ರಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಕಾನೂನು ಬೇಕು. ಆದರೆ ರುಜು ಹಾಕುವ ಗಳಿಗೆಯಲ್ಲಿ ಕಾನೂನು ಪಕ್ಕದಲ್ಲಿ ನಿಂತಿರುವುದಿಲ್ಲ. ಅಲ್ಲಿರುವುದು ತಲೆಯೊಳಗಿನ ಲೆಕ್ಕ ಒಂದೇ.

ಅದಕ್ಕೇ ಒಂದನೇ, ಎರಡನೇ ತರಗತಿಯ ಮೇಷ್ಟ್ರುಗಳಿಗೆ ನಾವು ಹೇಳುವುದಿಷ್ಟು. ದಿನಾ ಹತ್ತು ನಿಮಿಷ ಪುಸ್ತಕ ಮುಚ್ಚಿಸಿ. ಏಳು ಹುಣಸೆ ಬೀಜ ಹರಡಿ, ಕಣ್ಣು ಮಿಟುಕಿಸುವಷ್ಟು ಹೊತ್ತು ತೋರಿಸಿ, ಕೈ ಮುಚ್ಚಿ. ‘ಎಷ್ಟು?’ ಅಂತ ಕೇಳಿ. ಆಮೇಲೆ ‘ಹೆಂಗೆ ಕಂಡೆ?’ ಅಂತ ಕೇಳಿ. ಒಬ್ಬನಿಗೆ ಐದು ಮತ್ತು ಎರಡು, ಇನ್ನೊಬ್ಬಳಿಗೆ ಮೂರು ಮತ್ತು ನಾಲ್ಕು. ಎರಡೂ ಸರಿ. ಎಂಟಕ್ಕೆ ಏಳು ಕೂಡಿಸುವಾಗ ಬೆರಳು ಮಡಿಸಬೇಕಿಲ್ಲ, ಏಳರಿಂದ ಎರಡು ತಂದು ಹತ್ತು ಮಾಡಿದರೆ ಉಳಿದದ್ದು ಐದು. ಹತ್ತು ಕಟ್ಟುವುದು ಗೊತ್ತಾದ ಮಗು ಮುಂದೆ 48ಕ್ಕೆ 27 ಅಂದರೆ 50ಕ್ಕೆ 25 ಅಂತ ತಾನೇ ತಿರುಗಿಸಿಕೊಳ್ಳುತ್ತದೆ. ನಮ್ಮ ಕನ್ನಡವೇ ಇದನ್ನು ಹೇಳಿಕೊಡುತ್ತದೆ. ಹನ್ನೊಂದು ಅಂದರೆ ಹತ್ತು, ಒಂದು. ‘ಇಲೆವೆನ್’ ಅನ್ನುವಲ್ಲಿ ಹತ್ತೂ ಕಾಣದು, ಒಂದೂ ಕಾಣದು. ಇಂಗ್ಲಿಷ್ ನಮ್ಮ ಮಕ್ಕಳಿಗೆ ಬೇಕು, ಅದನ್ನು ಯಾರೂ ಕಿತ್ತುಕೊಳ್ಳಕೂಡದು. ಆದರೆ ಎಣಿಕೆ ಮೊದಲು ಮನೆಮಾತಿನಲ್ಲಿ ಬೇರು ಬಿಡಲಿ. ಅಳಗುಳಿ ಮಣೆ, ಚೌಕಾಬಾರದ ಕವಡೆ ಶಾಲೆಯೊಳಕ್ಕೆ ಬರಲಿ.

‘ಹಂಗಾದ್ರೆ ಮಗ್ಗಿ ಬೇಡ್ವಾ?’ ಅನ್ನುತ್ತೀರಿ. ಬೇಕು. ಆದರೆ ಆರು ಹತ್ತೊಂಬತ್ತಲೆ ಮರೆತ ಮಗುವಿಗೆ ಬೆತ್ತದ ಬದಲು ದಾರಿ ಬೇಕು: ಆರು ಇಪ್ಪತ್ತಲೆ ನೂರಿಪ್ಪತ್ತು, ಆರು ಕಳೆದರೆ 114. ಅರ್ಥವಿಲ್ಲದ ಮಗ್ಗಿ ಮಂತ್ರ. ಮಂತ್ರ ಯಾರ ಸ್ವತ್ತಾಗಿತ್ತು, ಅದನ್ನು ಕೇಳಿದ ಕಿವಿಗೆ ಏನಾಗಬೇಕೆಂದು ಬರೆದಿಟ್ಟಿದ್ದರು ಅಂತ ನಿಮಗೆ ಗೊತ್ತು.

‘ಯೋಜನೆಗಳು ಇವೆಯಲ್ಲ’ ಅನ್ನುತ್ತಾರೆ ಅಧಿಕಾರಿಗಳು. ಇವೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಇದೆ. 2021ರಲ್ಲಿ ಘೋಷಿಸಿದ ನಿಪುಣ್ ಭಾರತ್ ಇದೆ. ಆದರೆ ಮೂರು ತರಗತಿಗೆ ಒಬ್ಬ ಮೇಷ್ಟ್ರು, ಅವರ ತಲೆ ಮೇಲೆ ಹತ್ತು ತಖ್ತೆ ಇದ್ದರೆ ಕಾರ್ಡುಗಳು ಬೀರುವಿನಲ್ಲೇ ಮಲಗುತ್ತವೆ. ಯೋಜನೆ ಕೊಟ್ಟವರು ಮೇಷ್ಟ್ರನ್ನೂ ಕೊಡಲಿ.

ಆದರೂ ‘ಹೆಂಗೆ ಮಾಡಿದೆ?’ ಅನ್ನುವುದಕ್ಕೆ ಯಾವ ಅನುದಾನವೂ ಬೇಡ. ಅದು ಬರೀ ಗಣಿತದ ಪ್ರಶ್ನೆಯಲ್ಲ. ತನ್ನ ದಾರಿಯನ್ನು ಎದ್ದು ನಿಂತು ಹೇಳಿದ ಮಗು ನಾಳೆ ಇನ್ನೊಬ್ಬರ ದಾರಿಯನ್ನೂ ಕೇಳುತ್ತದೆ. ಕೂಲಿ ಹೆಂಗೆ ಹಾಕಿದೆ? ಬಡ್ಡಿ ಹೆಂಗೆ ಬಂತು? ಅಂಬೇಡ್ಕರ್ 1923ರಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಪುಸ್ತಕ ಬರೆದು ಬ್ರಿಟಿಷರ ನಾಣ್ಯನೀತಿಗೇ ಲೆಕ್ಕ ಕೇಳಿದರು. ಶಾಲೆಯಲ್ಲಿ ಗೋಣಿ ಹಾಸಿಕೊಂಡು ಬೇರೆ ಕೂತಿದ್ದ ಹುಡುಗ ಅವರು.

ಮೇಷ್ಟ್ರೇ, ನಾಳೆ ಹಾಜರಿ ಮುಗಿದ ಮೇಲೆ ಬೀಜ ಹರಡಿ. ಮೊದಲ ಪ್ರಶ್ನೆಯನ್ನು ಹಿಂದಿನ ಸಾಲಿಗೆ ಕೇಳಿ. ಉತ್ತರ ಬರುವವರೆಗೆ ಕಾಯಿರಿ.